ಒಂಬತ್ತು ಮಡಿಯ ಗೋಧಿ

ದೀಪಾವಳಿ ಕಳೆದ ವಾರಕ್ಕೆ, ಹೇಮಾವತಿಯ ಮೇಲಿನ ಮಂಜು ಇನ್ನೂ ಕರಗಿರದ ಬೆಳಗಿನ ಹೊತ್ತಿನಲ್ಲಿ, ಅಕ್ಕಿಹೆಬ್ಬಾಳಿನ ಚಿಕ್ಕಸ್ವಾಮಿಯ ಹೊಲದಲ್ಲಿ ಗೋಧಿ ಬಿತ್ತನೆಯಾಯಿತು. ಅದು ತೊಂಬತ್ನಾಲ್ಕನೇ ಇಸವಿ. ಭತ್ತ, ರಾಗಿ, ಕಬ್ಬು ಬಿಟ್ಟು ಬೇರೆ ಕಾಣದ ಆ ಮಣ್ಣಿಗೆ ಗೋಧಿ ತಂದವಳು ವೀಣ. ನಾಗಮಂಗಲದ ಕಡೆಯ ಹುಡುಗಿ, ಕೃಷಿ ಕಾಲೇಜಿನಲ್ಲಿ ಓದುತ್ತಿದ್ದಳು; ಆ ಓದಿನ ಪ್ರಯೋಗಕ್ಕೇ ಈ ಗೋಧಿ. ಮಕ್ಕಳಿಲ್ಲದ ಚಿಕ್ಕಸ್ವಾಮಿ, ಅವನ ಹೆಂಡತಿ ದ್ಯಾವಮ್ಮ ಹೊಲದ ಜೊತೆಗೆ ನಡುಮನೆಯನ್ನೂ ಅವಳಿಗೆ ಬಿಟ್ಟುಕೊಟ್ಟರು.

ಹೊಲಕ್ಕೆ ಬದು ಹಾಕಿ ಮಾಡಿದ ಒಂಬತ್ತು ಮಡಿ. ಎಲ್ಲಕ್ಕೂ ಸತುವಿನ ಗೊಬ್ಬರ ಒಂದೇ ಅಳತೆ. ಯೂರಿಯಾ ಮಾತ್ರ ಕೆಲವಕ್ಕೆ ಕಡಿಮೆ, ಕೆಲವಕ್ಕೆ ಹೆಚ್ಚು. ಮಡಿಗೊಂದು ಗೂಟ, ಗೂಟದ ಮೇಲೆ ನಂಬರು.

"ಯೂರಿಯಾ ಜಾಸ್ತಿ ಆದ್ರೆ ಪೈರು ಕಪ್ಪಗೆ ಏಳ್ತದೆ. ಅದ್ಕೆ ಇಷ್ಟೊಂದು ಓದ್ಬೇಕೇನವ್ವ?" ಎಂದ ಚಿಕ್ಕಸ್ವಾಮಿ.

"ಪೈರಲ್ಲ ತಾತ, ಕಾಳು. ಯೂರಿಯಾ ಹೆಚ್ಚಿದ್ರೆ ಕಾಳಿನೊಳಕ್ಕೆ ಸತುವೂ ಹೆಚ್ಚು ಹೋಗ್ತದಾ ಅಂತ ನೋಡ್ಬೇಕು. ಸತುವಿಲ್ದೆ ಮಕ್ಕಳು ಸರಿಯಾಗಿ ಬೆಳೆಯಾಕಿಲ್ಲ."

"ಅಂಗಾರೆ ನಿಮ್ಮಜ್ಜಿ ತಿಂದೇ ಇಲ್ಲ ಕಣವ್ವ," ಎಂದು ಅವನು ಕುಳ್ಳಿ ದ್ಯಾವಮ್ಮನನ್ನು ತೋರಿಸಿದ.

"ತಿಂದು ಬೆಳ್ದು ನೀನೇನು ಕಡ್ದೆ?" ಎಂದಳು ಅವಳು.

ವೀಣಳ ಅಪ್ಪ ಕೊಟ್ಟಿದ್ದು ಒಂದೇ ವರ್ಷ. ಈ ಬೆಳೆಯಲ್ಲಿ ಓದು ಮುಗಿಯದಿದ್ದರೆ, ಗೊತ್ತು ಮಾಡಿಟ್ಟ ಗಂಡಿಗೆ ಧಾರೆ. ಅದು ಗೊತ್ತಿದ್ದೇ ಚಿಕ್ಕಸ್ವಾಮಿ ಗಿಳಿ ಓಡಿಸಲು ಕವಣೆ ಹಿಡಿದು ದಿನವಿಡೀ ಬದುವಿನ ಮೇಲೆ ಕೂರುತ್ತಿದ್ದ.

ಶಿವರಾತ್ರಿಗೆ ಎರಡು ದಿನವಿರುವಾಗ, ಕಾಳು ತುಂಬಲು ಚೀಲ ಹೊಲಿಸಿ ತರುತ್ತೇನೆಂದು ವೀಣ ಪಾಂಡವಪುರಕ್ಕೆ ಹೋದಳು. ಮಾರನೆಯ ಬೆಳಿಗ್ಗೆ ಪಡುವಣದಲ್ಲಿ ಮೋಡ ಕಟ್ಟಿತು. ಒಣಗಿ ನಿಂತ ತೆನೆ ನೆನೆದರೆ ಆ ಹುಡುಗಿಯ ಗತಿಯೇನು? ಚಿಕ್ಕಸ್ವಾಮಿ ದ್ಯಾವಮ್ಮನ ಜೊತೆಗೆ ಪಕ್ಕದ ಹೊಲದ ಮುದ್ದಯ್ಯನನ್ನೂ ಕೂಗಿಕೊಂಡ. ಮೂವರೂ ಕೊಯ್ದರು, ಬಡಿದರು, ತೂರಿದರು. ಒಂದು ಹೊಲದ ಬೆಳೆಯನ್ನು ಕಣದಲ್ಲಿ ಬೇರೆ ಬೇರೆ ರಾಶಿಯಾಗಿ ಒಡೆದರೆ ಮನೆ ಒಡೆಯುತ್ತದೆ ಎಂಬುದು ಅವನ ಅಪ್ಪನ ಕಾಲದ ನಂಬಿಕೆ. ಒಂದೇ ರಾಶಿ ಮಾಡಿ, ಸುತ್ತ ಬೂದಿಯ ಗೆರೆ ಎಳೆದು, ನೆತ್ತಿಗೆ ಸಗಣಿಯ ಬೆನಕನನ್ನಿಟ್ಟು, ತುಂಬೆ ಹೂ ಮುಡಿಸಿ ಕೈಮುಗಿದ. ಕಿತ್ತ ಗೂಟಗಳನ್ನು ತೊಳೆದು ಜೋಪಾನವಾಗಿ ಕಟ್ಟಿಟ್ಟ. ನಾಲ್ಕು ಹನಿ ಬಿದ್ದು ಮೋಡ ಚದುರಿಹೋಯಿತು.

ಶಿವರಾತ್ರಿಯ ಬೆಳಿಗ್ಗೆ ವೀಣ ಬಂದಳು. ಕಂಕುಳಲ್ಲಿ ಒಂಬತ್ತು ಚೀಲ.

"ಒಂದು ಕಾಳೂ ನೆನೀಲಿಲ್ಲ ಕಣವ್ವ!"

"ಯಾವ ಮಡೀದು ಯಾವ್ದು ತಾತ?"

"ಎಲ್ಲಾ ಒಂದೇ ಹೊಲದ್ದಲ್ವೇನವ್ವ..." ಎನ್ನುತ್ತಲೇ ಅವಳ ಮುಖ ನೋಡಿದ. ಚೀಲ ಎಣಿಸಿದ. ಒಂಬತ್ತು, ಮಡಿಗೊಂದು.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸಂಜೆಯವರೆಗೂ ಚಿಕ್ಕಸ್ವಾಮಿ ರಾಶಿಯ ಮುಂದೆ ಕೂತು, ಬಣ್ಣ ನೋಡಿ, ಗಾತ್ರ ನೋಡಿ, ಒಂದೊಂದೇ ಕಾಳು ಮೊರದಲ್ಲಿ ಬೇರೆ ಮಾಡಿದ.

"ಇದು ಯೂರಿಯಾ ಜಾಸ್ತಿ ಆಕಿದ ಮಡೀದೇ ಇರ್ಬೇಕು, ನೋಡವ್ವ. ಎಷ್ಟು ಗಟ್ಟಿ ಅದೆ."

"ಬುಡಿ ತಾತ. ಅದು ಕಣ್ಣಿಗೆ ಕಾಣಾಕಿಲ್ಲ," ಎಂದು ವೀಣ ಅವನ ಕೈಯಿಂದ ಮೊರ ಇಸಿದುಕೊಂಡಳು.

ಮರುದಿನ ಬೆಳಿಗ್ಗೆ ದ್ಯಾವಮ್ಮ ಬಾಗಿಲಿಗೆ ಅಡ್ಡ ನಿಂತಳು. "ಮಂಗಳವಾರ ಹೆಣ್ಮಕ್ಕಳು ಮನೆ ಬುಟ್ಟು ಹೋಗಬಾರ್ದು ಕಣವ್ವ. ನಾಳೆ ಹೋಗು."

"ಅಪ್ಪ ಕಾಯ್ತಾವ್ರೆ ಅಜ್ಜಿ."

ಚಿಕ್ಕಸ್ವಾಮಿ ಗೂಟಗಳ ಕಟ್ಟನ್ನು ಕೈಯಲ್ಲಿ ಹಿಡಿದು, ಕೊಡಬೇಕೋ ಬೇಡವೋ ತಿಳಿಯದೆ ರೈಲು ಸ್ಟೇಷನ್ನಿನವರೆಗೂ ನಡೆದ. ಖಾಲಿ ಚೀಲಗಳನ್ನು ನಡುಮನೆಯಲ್ಲೇ ಮಡಿಸಿಟ್ಟು, ಶಿವರಾತ್ರಿಯ ಮಾರನೆಯ ಮಂಗಳವಾರ, ವೀಣ ಹೊರಟುಹೋದಳು.