ಯೂ ಯೂ ಅಂದರೆ ಯಾವ ಕಡೆಗೆ?

ಮದುವೆಯಾಗಿ ಗ್ರೀನ್‌ಲ್ಯಾಂಡಿನ ಈ ಊರಿಗೆ ಬರುವಾಗ ನಾನು ತವರಿನಿಂದ ತಂದದ್ದು ನುಕಾ ಎಂಬ ಹೆಣ್ಣುನಾಯಿಯನ್ನು. ಅಪ್ಪನ ಜಾರುಬಂಡಿ ಎಳೆಯುವ ನಾಯಿಗಳಿಗೆ ಅವಳೇ ಮುಂದಾಳಾಗಿದ್ದಳು. ಗಂಡ ಇಲಾಂಗುವಾಕ್ ಅವಳನ್ನು ತನ್ನ ನಾಯಿಗಳ ಮುಂದೆ ಕಟ್ಟಿ, ಮೀನಿಗೆ ಹೊರಟು, “ಯೂ ಯೂ!” ಎಂದು ಕೂಗಿದ. ಅವನೂರಲ್ಲಿ ಹಾಗಂದರೆ ಬಲಕ್ಕೆ, ನಮ್ಮೂರಲ್ಲಿ ಎಡಕ್ಕೆ. ನುಕಾ ಎಡಕ್ಕೆ ತಿರುಗಿ ಬಂಡಿಯನ್ನು ಸೀದಾ ಪಾದ್ರಿಯ ಅಂಗಳಕ್ಕೆ ನುಗ್ಗಿಸಿದಳು. ಅಲ್ಲಿ ಒಣಹಾಕಿದ್ದ ಮೀನಿಗೆ ಉಳಿದ ನಾಯಿಗಳೆಲ್ಲ ಬಾಯಿ ಹಾಕಿದವು.

“ಎಂಥಾ ದಡ್ಡ ನಾಯಿ ಕೊಟ್ಟು ಕಳಿಸಿದಾರೆ ನಿಮ್ಮಪ್ಪ!” ಮನೆಗೆ ಬಂದು ಗಂಡ ರೇಗಿದ.

“ದಡ್ಡರು ಯಾರೋ! ಅವಳ ಮಾತು ಕಲಿ, ಚೆನ್ನಾಗೇ ಓಡ್ತಾಳೆ.”

“ನೀನ್ಯಾಕೋ ಕಲೀತೀಯ?” ಎಂದರು ಅತ್ತೆ. “ಚಳಿಗಾಲ ಮುಗಿಯೋದ್ರೊಳಗೆ ಅವಳೇ ನಮ್ಮ ದಾರಿಗೆ ಬರ್ತಾಳೆ. ಸೊಸೇನೂ ಅಷ್ಟೆ.”

ನನಗೆ ಮೈಯೆಲ್ಲ ಉರಿಯಿತು.

ಚಳಿಗಾಲ ಮುಗಿಯಿತು. ನಿನ್ನೆ ಅತ್ತೆ ತಾವೇ ಬಂಡಿ ಹತ್ತಿ ತಂಗಿಯ ಮನೆಗೆ ಹೊರಟರು. ಬಲಕ್ಕೆ ತಿರುಗಬೇಕಾದಲ್ಲಿ “ಯೂ ಯೂ!” ಎಂದರು. ನುಕಾ ಒಬ್ಬಳೇ ಅಲ್ಲ, ಅಷ್ಟೂ ನಾಯಿಗಳು ಒಟ್ಟಿಗೆ ಎಡಕ್ಕೆ ತಿರುಗಿದವು. ಮಗರಾಯ ಅಮ್ಮನಿಗೆ ಹೇಳದೆ ನಮ್ಮೂರ ಮಾತು ಕಲಿತು, ತನ್ನ ನಾಯಿಗಳಿಗೂ ಕಲಿಸಿ ಎಷ್ಟು ದಿನವಾಗಿತ್ತೋ!

ಪಾದ್ರಿಯ ಅಂಗಳದಿಂದ ಅತ್ತೆಯ ದನಿ ಊರಿಗೆಲ್ಲ ಕೇಳಿತು:

“ಲೇ ಸೊಸೆ, ಬಲಕ್ಕೆ ಏನಂತಾರೇ ನಿಮ್ಮೂರಲ್ಲಿ?”