ಬಾಗಿಲಿಗೆ ಅಡ್ಡ ನಿಂತ ಇಂಗ್ಲಿಷ್ ಮಿಸ್

ಬಿಳಿಗೆರೆಯ ಮರುಳಸಿದ್ದಯ್ಯನವರ ಮನೆಯಲ್ಲಿ ಮಗ ರುದ್ರೇಶನ ಮದುವೆ. ಎಲ್ಲರಿಗೂ ಸೀರೆ, ಒಡವೆ, ಊಟದ ಚಿಂತೆಯಾದರೆ ಮಗಳು ಗಿರಿಜಾಂಬಿಕಾಳಿಗೆ ಇದ್ದದ್ದು ಒಂದೇ ಚಿಂತೆ, ಮನೆಯ ಮುಂದಿನ ಕೋಣೆಯದು.

ಅವಳನ್ನು ಕೊಟ್ಟಿದ್ದು ಅದೇ ಊರಿಗೆ, ಹಿಂದಿನ ಬೀದಿಯ ತೋಂಟದಾರ್ಯನಿಗೆ. ಗಂಡನ ಮನೆಯಲ್ಲಿ ಅಟ್ಟದಿಂದ ಜಗಲಿಯವರೆಗೆ ಕೊಬ್ಬರಿಯೇ ಸಂಸಾರ ಹೂಡಿತ್ತು. ಮನುಷ್ಯರು ಉಳಿದ ಜಾಗದಲ್ಲಿ ಹೊಂದಿಕೊಂಡು ಹೋಗಬೇಕು. ಹಾಗಾಗಿ ಅವಳು ದಿನಾ ಸಂಜೆ ತವರಿಗೆ ಬಂದು, ಆ ಮುಂದಿನ ಕೋಣೆಯಲ್ಲಿ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಮಾಡುತ್ತಿದ್ದಳು. ಊರಿಗೆಲ್ಲ ಅವಳು ಅಂಬಿಕಾ ಮಿಸ್. ಈಗ ಅಪ್ಪ ಅಪ್ಪಣೆ ಕೊಡಿಸಿಬಿಟ್ಟಿದ್ದರು. "ಕೋಣೆ ಹೊಸ ಹೆಣ್ಣುಗಂಡಿಗೆ ಕಣವ್ವ. ನಿನ್ನ ಟ್ಯೂಷನ್ ಬುಡು, ಎಲ್ಲಾದ್ರೂ ಮರದಡಿ ಮಾಡ್ಕೋ." ಮರದಡಿ ಕೂತರೆ ತಲೆ ಮೇಲೆ ಕಾಯಿ ಬೀಳುತ್ತೆ ಅನ್ನುವುದು ತೆಂಗಿನ ತೋಟದ ಯಜಮಾನರಾದ ಅಪ್ಪನಿಗೆ ಹೊಳೆಯಲಿಲ್ಲವೋ, ಹೊಳೆದೂ ಹೇಳಿದರೋ! ಟ್ಯೂಷನ್ ನಿಂತರೆ ತಾನು ಬರೀ ಕೊಬ್ಬರಿ ಕಾಯುವ ಸೊಸೆಯಾಗುತ್ತೇನೆ ಎಂಬುದೇ ಅಂಬಿಕಾಳ ನಿಜವಾದ ಭಯ.

ಅವಳ ಪಾಠದ ರೀತಿಯೂ ಕೊಬ್ಬರಿಯಿಂದಲೇ ಬಂದದ್ದು. ಅಟ್ಟದಿಂದ ಇಳಿಸಿ, ಚಿಪ್ಪು ಬಿಡಿಸಿದ ಕೊಬ್ಬರಿಯನ್ನು ದಪ್ಪದ್ದು ಬೇರೆ, ಸಣ್ಣದ್ದು ಬೇರೆ ಎಂದು ರಾಶಿ ಹಾಕುವುದಿಲ್ಲವೇ? ಅವಳು ಇಂಗ್ಲಿಷ್ ಪದಗಳನ್ನೂ ಹಾಗೇ ಹಾಕಿಸುತ್ತಿದ್ದಳು. ಮೊದಲು ಅಕ್ಷರ ಎಣಿಸು, ಆಮೇಲೆ ಕೊನೆಯ ಅಕ್ಷರಗಳ ಬಾಲ ನೋಡು. ಉದ್ದವೂ ಬಾಲವೂ ಒಂದೇ ಆದರೆ ಒಂದೇ ರಾಶಿಗೆ ಎಸೆ. ಈ ಉಪಾಯ ಇಂಗ್ಲೆಂಡಿನವರಿಗೂ ಹೊಳೆದಿರಲಿಕ್ಕಿಲ್ಲ ಎಂಬ ಹೆಮ್ಮೆ ಅವಳಿಗಿತ್ತು. ರುದ್ರೇಶ ಅದನ್ನು ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೂ ಹಾಕುತ್ತಿದ್ದ. ನೋಡುವವನು ತೋಂಟದಾರ್ಯ ಒಬ್ಬನೇ, ಅವನೂ ನೋಡುತ್ತ ನೋಡುತ್ತ ಗೊರಕೆ ಹೊಡೆಯುತ್ತಾನೆ ಎಂದು ಅವಳು ನಂಬಿದ್ದಳು. ಅವಳಲ್ಲಿ ಒಂದೇ ಒಂದು ಐಬು. ಪ್ರಶ್ನೆ ಕೇಳುತ್ತಾಳೆ, ಮಕ್ಕಳು ಬಾಯಿ ತೆರೆಯುವಷ್ಟರಲ್ಲಿ ಉತ್ತರವನ್ನೂ ತಾನೇ ಹೇಳಿಬಿಡುತ್ತಾಳೆ. ಉತ್ತರ ಗೊತ್ತಿದ್ದೂ ಸುಮ್ಮನಿರುವುದು ಅವಳ ಜಾಯಮಾನದಲ್ಲೇ ಇರಲಿಲ್ಲ.

ಕೋಣೆ ಉಳಿಸಿಕೊಳ್ಳುವ ದಾರಿ ಅವಳಿಗೆ ಶಾಸ್ತ್ರದಲ್ಲೇ ಸಿಕ್ಕಿತು. ಹೆಣ್ಣುಗಂಡು ಮನೆ ತುಂಬುವಾಗ ಗಂಡಿನ ಅಕ್ಕತಂಗಿಯರು ಬಾಗಿಲು ತಡೆಯುತ್ತಾರಲ್ಲ, ಗಂಡನ ಹೆಸರು ಹೇಳಿಸಿ, "ನಿನ್ನ ಮಗಳನ್ನ ನನ್ನ ಮಗನಿಗೆ ಕೊಡ್ತೀಯಾ?" ಎಂದು ಮಾತು ತೆಗೆದುಕೊಂಡು ಒಳಗೆ ಬಿಡುತ್ತಾರಲ್ಲ, ಅದು. ಅಂಬಿಕಾಳಿಗೆ ಇರುವುದು ಹೆಣ್ಣುಮಗು ಒಂದೇ, ಹೆಣ್ಣು ಕೇಳಿ ಏನು ಮಾಡುವುದು? ಕೋಣೆ ಕೇಳಿದರಾಯಿತು. ಹೊಸ್ತಿಲಲ್ಲಿ ಕೊಟ್ಟ ಮಾತನ್ನು ಆ ಮನೆಯಲ್ಲಿ ಇದುವರೆಗೆ ಯಾರೂ ಮುರಿದಿರಲಿಲ್ಲ, ಮರುಳಸಿದ್ದಯ್ಯನವರೂ ಮುರಿಯುವಂತಿರಲಿಲ್ಲ.

ಮದುವೆ ಮುಗಿಸಿ ಶೆಟ್ಟಿಕೆರೆಯಿಂದ ಬಂದ ಕಾರು ಮನೆ ಮುಂದೆ ನಿಂತಿತು. ಅಂಗಳದಲ್ಲಿ ಊರವರ ಜೊತೆ ಟ್ಯೂಷನ್ ಮಕ್ಕಳೂ ಕಾದಿದ್ದರು. ಮದುಮಗಳು ಭಾನುಪ್ರಿಯಾ ತಲೆ ಬಗ್ಗಿಸಿ ಇಳಿದಳು. ಬಿ.ಕಾಂ. ಮುಗಿಸಿ ಅಪ್ಪನ ಕೊಬ್ಬರಿ ಮಂಡಿಯಲ್ಲಿ ಕೂರುತ್ತಿದ್ದ ಹುಡುಗಿ. ಹೆಣ್ಣು ನೋಡಲು ಹೋದಾಗ ಅವಳ ಬಾಯಿಂದ "ಹ್ಞೂಂ", "ಊಹ್ಞೂಂ" ಬಿಟ್ಟು ಬೇರೇನೂ ಬಂದಿರಲಿಲ್ಲ. ಕನ್ನಡವೇ ಇಷ್ಟಾದರೆ ಇಂಗ್ಲಿಷ್ ಎಷ್ಟಿದ್ದೀತು ಎಂದು ಅಂಬಿಕಾ ಅವತ್ತೇ ಲೆಕ್ಕ ಹಾಕಿಕೊಂಡಿದ್ದಳು.

ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು, ಅದರ ಹಿಂದೆ ಎರಡೂ ಕೈ ಬಾಗಿಲಿಗೆ ಅಡ್ಡ ಹಾಕಿ ನಿಂತ ಅಂಬಿಕಾ.

"ಬರೀ ಹೆಸರು ಹೇಳಿದ್ರೆ ಆಗಲ್ಲ," ಎಂದಳು. "ಐದು ಇಂಗ್ಲಿಷ್ ಪದ ಸೇರಿಸಿ ಹೇಳ್ಬೇಕು. ಒಂದೊಂದಕ್ಕೂ ಏಳೇ ಅಕ್ಷರ, ಕೊನೆಗೆ ಟಿ ಐ ಓ ಎನ್. ಹೇಳಿದ್ರೆ ನೀನು ಕೇಳಿದ್ದು ನಾನು ಕೊಡ್ತೀನಿ. ತಪ್ಪಿದ್ರೆ ನಾನು ಕೇಳಿದ್ದು ನೀನು ಕೊಡ್ಬೇಕು."

"ಅಕ್ಕಾ, ಪರೀಕ್ಷೆ ಬರೆಯೋಕೆ ಬಂದಿದೀವಾ ನಾವು?" ಎಂದ ರುದ್ರೇಶ. ಅವನ ಹಣೆಯ ಬಾಸಿಂಗ ಬೆವರಿಗೆ ಜಾರುತ್ತಿತ್ತು.

"ನೀನು ಸುಮ್ನಿರಪ್ಪ. ಯಾರೂ ಹೇಳ್ಕೊಡೋ ಹಂಗಿಲ್ಲ. ಯಾರು ನಡುವೆ ಬಾಯಿ ಹಾಕ್ತಾರೋ ಅವರ ಕಡೆಯೋರೇ ಸೋತಂಗೆ."

ಹೆಣ್ಣಿನ ಕಡೆಯವರು ಗೊಣಗಿದರು. ಒಳಗಿನಿಂದ ಆರತಿ ತಟ್ಟೆ ಹಿಡಿದು ಬಂದ ತಾಯಿ ಸಿದ್ದಗಂಗಮ್ಮ, "ರಾಹುಕಾಲ ಬಂದೇಬುಡ್ತದೆ ಕಣೇ, ಏನೇ ನಿನ್ನ ರಂಪ?" ಎಂದು ಬೈದರು. ಅಂಬಿಕಾ ಜಗ್ಗಲಿಲ್ಲ. ರಾಹುಕಾಲ ಹತ್ತಿರವಾದಷ್ಟೂ ಅವಳಿಗೇ ಲಾಭ.

ಭಾನುಪ್ರಿಯಾ ಸೆರಗು ಸರಿಮಾಡಿಕೊಂಡು, ನೆಲ ನೋಡುತ್ತಲೇ, ಸಣ್ಣ ದನಿಯಲ್ಲಿ ಶುರು ಮಾಡಿದಳು.

"ತಿಪಟೂರಲ್ಲಿ ರೈಲು ನಿಂತ್ರೆ ಅದುಕ್ಕಂತಾರೆ ಸ್ಟೇಷನ್."

ಅಂಬಿಕಾ ಬೆರಳು ಮಡಿಸಿ ಎಣಿಸಿದಳು. ಏಳು. ಇರಲಿ, ಕಣ್ಣುಮುಚ್ಚಿ ಎಸೆದ ಕಲ್ಲು.

"ಕೊಬ್ಬರಿ ಹರಾಜು ಕೂಗಿದ್ರೆ ಇಂಗ್ಲಿಷಲ್ಲಿ ಆಕ್ಷನ್."

ಜನ ಹೋ ಎಂದರು. ಅಂಬಿಕಾ ಏ, ಯು ಎಂದು ಮತ್ತೆ ಎಣಿಸಿದಳು. ಏಳು!

"ಅಣ್ಣ ತಮ್ಮ ಬೇರೆಯಾದ್ರೆ ಮನೆಗೆ ಎರಡು ಪೋರ್ಷನ್. ರುದ್ರೇಶ್ ಅವರ ಹೆಸರು ಹೇಳಿದ್ರೆ ನಂಗೆ ಏನೋ ಎಮೋಷನ್."

ರುದ್ರೇಶ ಕಿವಿಯವರೆಗೂ ಕೆಂಪಾದ. ಹೆಣ್ಣಿನ ಕಡೆಯವರು ಸಿಳ್ಳೆ ಹೊಡೆದರು. ಅಂಬಿಕಾ ಎರಡನ್ನೂ ಬೆರಳು ಮಡಿಸಿ ನೋಡಿದಳು, ಎರಡೂ ಏಳೇ. ಹ್ಞೂಂ ಊಹ್ಞೂಂ ಹುಡುಗಿಗೆ ಈ ಬಾಯಿ ಎಲ್ಲಿಂದ ಬಂತು? ಇನ್ನೊಂದು ಪದ ಹೇಳಿದರೆ ಕೋಣೆ ಹೋಯಿತು. ಆದರೂ, ನಾಚಿಕೆಯ ವಿಷಯವೆಂದರೆ, ಅವಳೊಳಗಿನ ಮಿಸ್ಸಿಗೆ ಆ ಹುಡುಗಿ ಒಳ್ಳೇ ಶಿಷ್ಯೆಯಂತೆ ಕಂಡು ಖುಷಿಯೂ ಆಗುತ್ತಿತ್ತು.

"ಸಂಜೆಯಾದ್ರೆ ಈ ಮನೇಲಿ ಮಕ್ಕಳಿಗೆಲ್ಲ..." ಎಂದು ಭಾನುಪ್ರಿಯಾ ತಡೆದಳು.

ಎಲ್ಲರೂ ಅವಳ ಬಾಯನ್ನೇ ನೋಡಿದರು.

"ಮಕ್ಕಳಿಗೆಲ್ಲ..." ಎಂದು ಹುಬ್ಬು ಗಂಟಿಕ್ಕಿದಳು. ತಲೆ ಕೆರೆದುಕೊಂಡಳು. ಸಿದ್ದಗಂಗಮ್ಮನ ಆರತಿಯ ದೀಪ ನಡುಗಿತು. ರಾಹುಕಾಲಕ್ಕೆ ಇನ್ನು ಹೆಚ್ಚು ಹೊತ್ತಿರಲಿಲ್ಲ. "ಮಕ್ಕಳಿಗೆಲ್ಲ... ಅಯ್ಯೋ, ಅದೇನದು, ನಾಲಿಗೆ ತುದೀಲೇ ಐತೆ..."

ಅಂಬಿಕಾಳ ಗಂಟಲಲ್ಲಿ ಆ ಪದ ಕುಣಿಯತೊಡಗಿತು. ತುಟಿ ಕಚ್ಚಿ ಹಿಡಿದಳು. ಕೋಣೆಯನ್ನು ನೆನೆದಳು, ಅಟ್ಟದ ತುಂಬ ಇದ್ದ ಕೊಬ್ಬರಿಯನ್ನು ನೆನೆದಳು. ಹುಡುಗಿ ಕೊನೆಯ ಬಾರಿ ತಲೆಯೆತ್ತಿ, ಪಾಠ ಮರೆತ ಮಗುವಿನ ಹಾಗೆ ಅವಳ ಮುಖವನ್ನೇ ನೋಡಿದಳು. ಅಷ್ಟೇ.

"ಟ್ಯೂಷನ್ ಕಣೇ, ಟ್ಯೂಷನ್! ಇಷ್ಟೂ ಗೊತ್ತಾಗಲ್ವಾ?"

ಅಂಗಳಕ್ಕೆ ಅಂಗಳವೇ ನಕ್ಕಿತು. ಮರುಳಸಿದ್ದಯ್ಯನವರು ಕೆಮ್ಮು ಬರುವಷ್ಟು ನಕ್ಕು, "ಬಾಯಿ ಹಾಕಿದೋಳು ನೀನೇ ಕಣವ್ವ. ಗಂಡಿನ ಕಡೆ ಸೋಲ್ತು ಬುಡು," ಎಂದು ತೀರ್ಪು ಕೊಟ್ಟರು.

ಅಂಬಿಕಾ ಮದುಮಗಳ ಕಡೆ ತಿರುಗಿದಳು. "ನಿಂಗೆ ಗೊತ್ತಿತ್ತು ಅಲ್ವಾ?"

"ಎರಡು ವರ್ಷದಿಂದ ನಿಮ್ಮ ಒಂದು ವಿಡಿಯೋನೂ ಬಿಟ್ಟಿಲ್ಲ ಅಕ್ಕಾ," ಎಂದಳು ಭಾನುಪ್ರಿಯಾ. "ರಾಶಿ ಹಾಕೋದು ಕಲ್ತಿದ್ದೇ ಅದ್ರಲ್ಲಿ. ಪ್ರಶ್ನೆ ಕೇಳಿ ನೀವೇ ಉತ್ತರ ಹೇಳ್ಬುಡೋದೂ ಅದ್ರಲ್ಲೇ ನೋಡಿದ್ದು."

"ಸರಿ, ಏನು ಬೇಕೋ ಕೇಳು ತಾಯಿ, ಹೊತ್ತಾಯ್ತು," ಎಂದು ಸಿದ್ದಗಂಗಮ್ಮ ಅವಸರ ಮಾಡಿದರು.

"ಮುಂದಿನ ಕೋಣೆ ನಮಗೇ ಬೇಕು."

ಅಂಬಿಕಾ ಬಾಗಿಲಿಗೆ ಅಡ್ಡ ಹಾಕಿದ್ದ ಕೈ ಇಳಿಸಿದಳು. ಅಳು ಬಂತು, ನುಂಗಿದಳು.

"ರಾತ್ರಿ ಹೊತ್ತು," ಎಂದಳು ಭಾನುಪ್ರಿಯಾ. "ಸಂಜೆ ನಿಮ್ಮ ಟ್ಯೂಷನ್ ಅಲ್ಲೇ ನಡೀಲಿ. ಆದ್ರೆ ಇವತ್ತಿಂದ ನೀವು ಪ್ರಶ್ನೆ ಕೇಳಿದ್ಮೇಲೆ ಮಕ್ಕಳು ಹೇಳೋ ತನಕ ಬಾಯಿ ತೆಗೀಬಾರ್ದು. ನಾನು ಹಿಂದ್ಗಡೆ ಕೂತು ನೋಡ್ತಿರ್ತೀನಿ. ಆಗುತ್ತಾ ಅಕ್ಕಾ?"

ಇದಕ್ಕಿಂತ ಕೋಣೆಯನ್ನೇ ಕಿತ್ತುಕೊಂಡಿದ್ದರೆ ವಾಸಿಯಿತ್ತು ಎಂದು ಅಂಬಿಕಾಳಿಗೆ ಅನ್ನಿಸಿತು. ಸಿಟ್ಟು ನೆತ್ತಿಗೇರಿತು, ಅದರ ಹಿಂದೆಯೇ ಈ ಕಿಲಾಡಿಯನ್ನು ತಬ್ಬಿಕೊಳ್ಳುವಷ್ಟು ಪ್ರೀತಿಯೂ ಉಕ್ಕಿತು. ಉತ್ತರ ಹೇಳಲು ಬಾಯಿ ತೆರೆದಳು. ಅಂಗಳದಲ್ಲಿದ್ದ ಟ್ಯೂಷನ್ ಮಕ್ಕಳೆಲ್ಲ ಕಣ್ಣರಳಿಸಿ ತನ್ನನ್ನೇ ನೋಡುತ್ತಿರುವುದು ಕಂಡಿತು. ತೆರೆದ ಬಾಯನ್ನು ಹಾಗೇ ಮುಚ್ಚಿ, ಹ್ಞೂಂ ಎಂದೂ ಅನ್ನದೆ ತಲೆಯಾಡಿಸಿ, ಬಾಗಿಲಿಂದ ಪಕ್ಕಕ್ಕೆ ಸರಿದಳು.