ಕಾವು ಬಿಟ್ಟ ಕೊಡಲಿ

ಕಾರೊ ಹಬ್ಬ ಹತ್ತಿರ ಬಂದಿತ್ತು. ಹಬ್ಬದಲ್ಲಿ ಊರಿನವರೆಲ್ಲ ಎಲ್ಲರ ಮನೆಗೂ ಹೋಗಬೇಕು, ಹೋದಲ್ಲೆಲ್ಲ ಉಣ್ಣಬೇಕು. ಬ್ರೊಮೊ ಬೆಟ್ಟದ ಚಳಿಯಲ್ಲಿ ನೆಂಟರನ್ನು ಕೂರಿಸುವುದು ಅಡುಗೆಮನೆಯ ಒಲೆಯ ಮುಂದೆಯೇ. ಹಾಗಾಗಿ ಹಬ್ಬ ಮುಗಿಯುವವರೆಗೆ ಯಾರ ಮನೆಯ ಒಲೆಯೂ ಆರುವಂತಿಲ್ಲ. ಸೌದೆ ಸಾಲದೆ ಹೋದರೆ ಅನ್ನ ಸಾಲದೆ ಹೋದಷ್ಟೇ ಅವಮಾನ.

ಹೊಲದ ಬದುವಿನಲ್ಲಿ ಗಾಳಿಗೆ ಉರುಳಿದ ಸರ್ವೆ ಮರವನ್ನು ಕಾರ್ಯಾದಿ ಕೊರೆದು ಅಂಗಳಕ್ಕೆ ತಂದು ಹಾಕಿದ್ದ. ಸೀಳುವ ಕೆಲಸ ಎಂದಿನಂತೆ ಅವನ ಹೆಂಡತಿ ಮುಜಿಯಾತಿಯ ಪಾಲಿಗೆ ಬಂತು. ಆದರೆ ಹೋದ ವರ್ಷದಿಂದ ಅವಳ ಬಲಭುಜ ಸೋತುಹೋಗಿತ್ತು. ಕೊಡಲಿ ಎತ್ತಿದರೆ ಕುತ್ತಿಗೆಯಿಂದ ಬೆರಳ ತುದಿಯವರೆಗೆ ಚಳಕು ಹರಿಯುತ್ತಿತ್ತು. ಕೆಳಗಿನ ಊರಲ್ಲಿ ಇಟ್ಟಿಗೆಗೂಡಿಗೆ ಸೌದೆ ಒಡೆಯುವ ಅವಳ ತಮ್ಮ ಇದನ್ನು ಕೇಳಿ ಒಂದು ಸವೆದ ಟೈರು ತಂದುಕೊಟ್ಟಿದ್ದ.

"ಅಕ್ಕಾ, ಮೊಣಕಾಲೆತ್ತರದ ಕೊರಡಿನ ಮೇಲೆ ಟೈರಿಡು. ತುಂಡುಗಳನ್ನ ಗಿಡ್ಡಗೆ ಕೊಯ್ದು ಒಳಗೆ ಒತ್ತೊತ್ತಾಗಿ ನಿಲ್ಲಿಸು. ನಡುವಿಗೆ ಹೊಡೀಬೇಡ, ಅಂಚಿಂದ ಸುಲೀತಾ ಬಾ. ಕೊಡಲೀನ ತಲೆ ಮೇಲಕ್ಕೆತ್ತೋದೇ ಬೇಡ, ಅದರ ಭಾರಕ್ಕೆ ಅದನ್ನೇ ಬಿಡು," ಎಂದು ತೋರಿಸಿಕೊಟ್ಟಿದ್ದ.

ಚೂರುಗಳು ಚದುರುತ್ತಿರಲಿಲ್ಲ. ಒಂದೊಂದಕ್ಕೂ ಬಗ್ಗಿ ಏಳುವ ಕಷ್ಟ ತಪ್ಪಿತು. ಗಂಟಿದ್ದ ತುಂಡನ್ನು ಬೆಣೆ ಹೊಡೆದು ಸೀಳಲು ಪಕ್ಕಕ್ಕೆ ಎಸೆದರಾಯಿತು. ಸಣ್ಣ ಕೊಡಲಿಯಲ್ಲೇ ಮುಜಿಯಾತಿ ಮಧ್ಯಾಹ್ನದೊಳಗೆ ಗೋಡೆಯುದ್ದಕ್ಕೂ ಸೌದೆ ಒಟ್ಟಿದಳು.

ಬೇಲಿಯಾಚೆಯಿಂದ ಪಕ್ಕದ ಮನೆಯ ಪೊನಿಮಾನ್ ಕೂಗಿದ, "ಕಾರ್ಯಾದೀ, ನಿನ್ನ ಹೆಂಡ್ತಿ ಲಾರಿ ರಿಪೇರಿ ಕಲೀತಿದ್ದಾಳಾ?"

ಕಾರ್ಯಾದಿಗೆ ಅದು ನಾಟಿತು. "ಮಗೂನ ಬೋಗುಣೀಲಿ ಕೂರಿಸಿ ಮೀಯಿಸಿದ ಹಾಗಿದೆ ನಿನ್ನ ಸೌದೆ ಸೀಳೋದು," ಎಂದು ಹೆಂಡತಿಗೆ ಗೊಣಗಿದ.

ಟೈರನ್ನು ಮೆಚ್ಚಿಕೊಂಡವನು ಅವಳ ಮಾವ ಮಿಸ್ತೊ ಒಬ್ಬನೇ. ವಯಸ್ಸಾಗಿತ್ತು, ಕಿವಿ ಮಂದ. ಕೊಡಲಿ ಬಿಟ್ಟು ಎಷ್ಟೋ ಕಾಲವಾಗಿತ್ತು. ಹೆಗಲಿಗೆ ಸರೊಂಗ್ ಬಟ್ಟೆ ಹೊದ್ದು, ಅಡುಗೆಮನೆಯ ಗೋಡೆಗೆ ಆನಿಸಿಟ್ಟ ಬೆಂಚಿನ ಮೇಲೆ ಕೂತು ಬೆಂಕಿ ಕಾಯಿಸುವುದೇ ಅವನ ದಿನಚರಿ. ಈಗ ದಿನವೂ ಅಂಗಳಕ್ಕೆ ಬಂದು ಟೈರಿನ ಸುತ್ತ ಸುತ್ತುತ್ತಿದ್ದ. ಒಮ್ಮೆ ಸಣ್ಣ ಕೊಡಲಿಗೆ ಕೈಹಾಕಿದಾಗ ಮುಜಿಯಾತಿ ಅದನ್ನು ಕಿತ್ತಿಟ್ಟುಕೊಂಡಿದ್ದಳು.

ಹಬ್ಬದ ಹಿಂದಿನ ವಾರ ಒಂದು ಬೆಳಿಗ್ಗೆ ಕಾರ್ಯಾದಿ ಟೈರನ್ನೂ ಸಣ್ಣ ಕೊಡಲಿಯನ್ನೂ ಮನೆಯ ಹಿಂದೆ ಆಲೂಗಡ್ಡೆ ಕೊಟ್ಟಿಗೆಯ ಬಳಿ ಎಸೆದು ಬಂದ. ಹಿಂದಿನ ಸಂಜೆಯೇ ಅಟ್ಟದಿಂದ ಇಳಿಸಿ ನೀರಲ್ಲಿ ನೆನೆಹಾಕಿದ್ದ ದೊಡ್ಡ ಕೊಡಲಿಯನ್ನು ಎತ್ತಿಕೊಂಡ. ಬೇಲಿಯಾಚೆ ಪೊನಿಮಾನ್ ಆಗಲೇ ಕಾಫಿ ಲೋಟ ಹಿಡಿದು ನಿಂತಿದ್ದ.

"ಕಾಂಗ್, ಕೊಡಲಿ ಕಾವಿನಲ್ಲಿ ಅಲ್ಲಾಡ್ತಿದೆ. ಒಂದು ಬೆಣೆ ಹೊಡೀರಿ," ಎಂದಳು ಮುಜಿಯಾತಿ ಗಂಡನಿಗೆ.

"ರಾತ್ರಿಯೆಲ್ಲ ನೀರಲ್ಲಿ ನೆನೆದಿದೆ, ಉಬ್ಬಿದೆ ಬಿಡು."

"ಬಿಸಿಲಿಗೆ ಒಣಗಿದ್ರೆ ಮತ್ತೆ ಸಡಿಲ ಆಗುತ್ತೆ."

"ಇದು ನಿನ್ನ ಟೈರಲ್ಲ ಕಣೆ, ನಮ್ಮಪ್ಪ ಹಿಡಿದ ಕೊಡಲಿ."

ಅಷ್ಟರಲ್ಲಿ ಮಿಸ್ತೊ ಹೊರಗೆ ಬಂದು ಅತ್ತಿತ್ತ ಟೈರು ಹುಡುಕತೊಡಗಿದ. ಚಕ್ಕೆ ಸಿಡಿದು ಕಣ್ಣಿಗೆ ಬಡಿದೀತೆಂದು ಮುಜಿಯಾತಿ ಅವನ ತೋಳು ಹಿಡಿದು ಒಳಗೆ ಕರೆದೊಯ್ದಳು. ಬೆಂಚಿನ ಮೇಲೆ ಕೂರಿಸಿ, ಕಾಫಿ ಕೈಗಿತ್ತು, ಕಿವಿಯ ಹತ್ತಿರ ಬಾಯಿಟ್ಟು ಹೇಳಿದಳು: "ಪಾಕ್, ಅಪ್ಪಾ, ಇಲ್ಲೇ ಕೂತಿರಿ. ನಾನು ಬರೋವರೆಗೂ ಏಳಬೇಡಿ."

ಅವನು ಮಗುವಿನ ಹಾಗೆ ತಲೆಯಾಡಿಸಿದ.

ಅವಳು ಹೊರಗೆ ಬಂದು ಸೀಳಿದ್ದನ್ನು ಒಟ್ಟತೊಡಗಿದಳು. ಕಾರ್ಯಾದಿಯ ಕೈ ಓಡುತ್ತಿತ್ತು. ಮರ ಎರಡಾಗಿ ಆಚೀಚೆ ಹಾರುತ್ತಿತ್ತು. ಪೊನಿಮಾನ್ "ಹಾಂ, ಇದು" ಎನ್ನುತ್ತಿದ್ದ. ಬಿಸಿಲು ಏರಿತು. ಆಮೇಲೆ ಗಂಟುಗಂಟಾದ ಒಂದು ದಿಮ್ಮಿ ಬಂತು. ಎಷ್ಟು ಹೊಡೆದರೂ ಬಾಯಿ ಬಿಡಲಿಲ್ಲ. ಕಾರ್ಯಾದಿ ಅಂಗೈಗೆ ಉಗಿದುಕೊಂಡು ಹಿಂದಕ್ಕೆ ಬಾಗಿ ಮೈಯ ಬಲವೆಲ್ಲ ಹಾಕಿ ಬೀಸಿದ.

ದಿಮ್ಮಿಗೆ ಏಟು ಬಿದ್ದ ಸದ್ದೇ ಬರಲಿಲ್ಲ. ಮುಜಿಯಾತಿಯ ಕಿವಿಯ ಪಕ್ಕದಲ್ಲಿ ಏನೋ ಸುಯ್ಯೆಂದು ಹಾದುಹೋಯಿತು. ಅಡುಗೆಮನೆಯ ಬಿದಿರು ತಟ್ಟಿ ಹರಿಯಿತು. ಒಳಗೆ ಧಡ್ ಎಂದಿತು.

ಗಂಡನ ಕೈಯಲ್ಲಿ ಬರೀ ಕಾವು ಇತ್ತು. ತಟ್ಟಿಯಲ್ಲಿ ಅಂಗೈಯಗಲದ ತೂತು, ಅದರೊಳಗಿಂದ ಒಲೆಯ ಹೊಗೆ ಸಣ್ಣಗೆ ಹೊರಬರುತ್ತಿತ್ತು. ಆ ತೂತು ಎಲ್ಲಿದೆ ಎಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಅದರ ಹಿಂದೆಯೇ ಬೆಂಚು.

ಯಾರೂ ಕದಲಲಿಲ್ಲ. ಒಳಗಿಂದ ಕೂಗಾಗಲಿ ನರಳಾಟವಾಗಲಿ ಕೇಳಲಿಲ್ಲ. ಬೇಲಿಯಾಚೆ ಲೋಟ ಕೆಳಗೆ ಬಿದ್ದ ಸದ್ದಾಯಿತು. ತಾನೇ ಕೂರಿಸಿದೆ, ಏಳಬೇಡಿ ಅಂದೆ, ಎಂಬುದೊಂದೇ ಮುಜಿಯಾತಿಯ ತಲೆಯಲ್ಲಿ ಗಿರಿಗಿರಿ ಸುತ್ತುತ್ತಿತ್ತು.  ಅವಳು ಒಳಗೆ ಹೋದಳು.

ಹೊಗೆಯಲ್ಲಿ ಮೊದಲು ಕಂಡದ್ದು ಸರೊಂಗ್. ಬೆಂಚಿನ ಮೇಲೆ ಮುದುಡಿ ಬಿದ್ದಿತ್ತು. ಅದರ ನಡುವೆ ಕೊಡಲಿ ಹಲಗೆಯನ್ನು ಸೀಳಿಕೊಂಡು ನಾಟಿತ್ತು. ಬಟ್ಟೆಯಡಿಯಿಂದ ಕಪ್ಪಗೆ ಏನೋ ತೊಟ್ಟಿಕ್ಕುತ್ತಿತ್ತು.



"ಮುಜೀ," ಹೊರಗಿಂದ ಕಾರ್ಯಾದಿಯ ದನಿ. "ಪಾಕ್ ಇದ್ದಾರಾ?"

ಉತ್ತರ ಕೊಡಲಾಗಲಿಲ್ಲ. ಹೊರಗೆ ಅವನು ನೆಲಕ್ಕೆ ಕುಸಿದ ಸದ್ದು ಕೇಳಿತು.

ಅವಳು ಹತ್ತಿರ ಹೋಗಿ ಸರೊಂಗಿನ ಅಂಚು ಎತ್ತಿದಳು. ಕೆಳಗೆ ಹಲಗೆ, ಉರುಳಿದ ಲೋಟ ಮಾತ್ರ. ತೊಟ್ಟಿಕ್ಕುತ್ತಿದ್ದದ್ದು ಕಾಫಿ. ಅದನ್ನು ನೋಡಿದರೂ ಅವಳಿಗೆ ಅರ್ಥವಾಗಲಿಲ್ಲ. ಮನುಷ್ಯ ಎಲ್ಲಿ? ಅರೆ ತೆರೆದಿದ್ದ ಹಿಂಬಾಗಿಲಿನ ಕಡೆಯಿಂದ ಟಕ್ ಎಂದಿತು. ಸ್ವಲ್ಪ ಬಿಟ್ಟು ಮತ್ತೆ, ಟಕ್.

ಕೊಟ್ಟಿಗೆಯ ಮುಂದೆ ಮಿಸ್ತೊ ಬುಟ್ಟಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತಿದ್ದ. ಮುಂದೆ ಟೈರು, ಅದರ ತುಂಬ ತುಂಡುಗಳು, ಕೈಯಲ್ಲಿ ಸಣ್ಣ ಕೊಡಲಿ. ಚಳಿಯಲ್ಲೂ ಹಣೆ ಬೆವರಿತ್ತು. ಸೊಸೆಯನ್ನು ಕಂಡು ಕಳ್ಳನ ಹಾಗೆ ನಕ್ಕ.

"ಬೈಬೇಡ ತಾಯಿ. ಕೂರು ಅಂದೆ, ಕೂತೆ. ನೀನು ಆ ಕಡೆ ತಿರುಗಿದೆ, ನಾನು ಈ ಕಡೆ ಎದ್ದೆ." ಕೊಡಲಿಯನ್ನು ಮೊಣಕಾಲಿನಷ್ಟು ಎತ್ತರಕ್ಕೆ ಎತ್ತಿ ಬಿಟ್ಟು ತೋರಿಸಿದ. ಅಂಚಿನ ಸೀಳೊಂದು ಬಿರಿದು ಅಲ್ಲೇ ಒರಗಿ ನಿಂತಿತು. "ನೋಡಿದೆಯಾ? ಬಲವೇ ಬೇಡ. ಸುಮ್ಮನೆ ಮುದುಕನ್ನ ಒಲೆ ಮುಂದೆ ಕೊಳೆ ಹಾಕಿದ್ರಿ ನೀವು."

ಮುಜಿಯಾತಿ ಅವನ ಹೆಗಲು ಹಿಡಿದಳು. ಮೂಳೆ ಬಿಸಿಯಾಗಿತ್ತು. ಕೈ ಬಿಡಲಾಗದೆ ಹಾಗೆಯೇ ನಿಂತಳು. ಅಂಗಳದಲ್ಲಿ ಗಂಡ ಇನ್ನೂ ಅಪ್ಪ ಸತ್ತನೆಂದೇ ಕೂತಿದ್ದಾನೆ ಎಂಬುದು ಅವಳಿಗೆ ಎಷ್ಟೋ ಹೊತ್ತಿನ ಮೇಲೆ ನೆನಪಾಯಿತು.

ಮಾವನ ಕೈ ಹಿಡಿದು ಮನೆಯನ್ನು ಸುತ್ತಿ ಕರೆದುತಂದಳು. ಕಾರ್ಯಾದಿ ಕಾವನ್ನು ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದ. ಅಪ್ಪನ ಪಾದಗಳು ಎದುರಿಗೆ ಬಂದು ನಿಂತರೂ ತಲೆ ಎತ್ತಲಿಲ್ಲ. ನಿಧಾನವಾಗಿ ಕಣ್ಣು ಮೇಲೇರಿತು. ಮುಖ ಕಂಡ ಕೂಡಲೆ ತೆವಳಿಕೊಂಡು ಬಂದು ಅಪ್ಪನ ಮೊಣಕಾಲಿಗೆ ಮುಖ ಒತ್ತಿದ. ಅವನ ಗಂಟಲಿನಿಂದ ಬಂದ ಸದ್ದು ಅಳುವಿನಂತಿರಲಿಲ್ಲ.

"ಇವನಿಗೇನಾಯ್ತು? ಸೊಂಟ ಹಿಡೀತಾ?" ಎಂದ ಮಿಸ್ತೊ. "ಆ ಕೊಡಲಿ ಮುಟ್ಟಬೇಡ ಅಂತ ಯಾರೂ ಹೇಳಲಿಲ್ವಾ?"

ಆಮೇಲೆ ಚಳಿ ಎಂದು ಸರೊಂಗ್ ತರಲು ಒಳಗೆ ಹೋದ. ಮುಜಿಯಾತಿ ಹಿಂದೆ ಓಡಿದಳು. ಮುದುಕ ಬೆಂಚಿನ ಮುಂದೆ ನಿಂತಿದ್ದ. ತೂತನ್ನು ನೋಡಿದ, ಕೊಡಲಿಯನ್ನು ನೋಡಿದ. ಸರೊಂಗನ್ನು ಮೆಲ್ಲಗೆ ಎಳೆದ, ಬರಲಿಲ್ಲ. ಮತ್ತೊಮ್ಮೆ ಎಳೆದು ಬಿಟ್ಟುಬಿಟ್ಟ.

"ಕಾಫಿ ಹಾಕು," ಎಂದು ನೆಲದ ಮೇಲೆ ಕೂತ.

ಹಾಕಿಕೊಟ್ಟಳು. ಲೋಟ ಬಾಯಿಯವರೆಗೆ ಹೋಗಲಿಲ್ಲ. ಅವಳೇ ಹಿಡಿದು ಕುಡಿಸಿದಳು.  ಅರ್ಧ ಕಾಫಿ ಇಬ್ಬರ ಮಡಿಲಿಗೂ ಚೆಲ್ಲಿತು.

ಅಂದಿನಿಂದ ಕಾರ್ಯಾದಿ ಕೊಡಲಿ ಮುಟ್ಟಲಿಲ್ಲ. ಗರಗಸ ಹಿಡಿದು ದಿಮ್ಮಿಗಳನ್ನು ಗಿಡ್ಡಗೆ ಕೊಯ್ದು ಹಾಕುತ್ತಿದ್ದ. ಮುಜಿಯಾತಿ ಟೈರನ್ನು ಅಂಗಳಕ್ಕೆ ತಂದು, ಸಣ್ಣ ಕೊಡಲಿಯ ಕಾವಿಗೆ ಹೊಸ ಬೆಣೆ ಹೊಡೆದು ಸೀಳುತ್ತಿದ್ದಳು. ಅವಳ ಭುಜ ದಣಿದಾಗ ಮಾವ ಕೂರುತ್ತಿದ್ದ. ಅವಳು ಪ್ರತಿ ಸಲ ಕೊಡಲಿ ಎತ್ತುವ ಮೊದಲು ಕಾರ್ಯಾದಿ ಗರಗಸ ನಿಲ್ಲಿಸಿ ಯಾರೆಲ್ಲಿದ್ದಾರೆ ಎಂದು ಸುತ್ತ ನೋಡುತ್ತಿದ್ದ. ಗಂಡ ಹೆಂಡಿರ ನಡುವೆ ಮಾತು ಕಡಿಮೆಯಾಗಿತ್ತು.

ಹಬ್ಬದ ದಿನ ಬಂದವರೆಲ್ಲ ತೂತಿಗೆ ಕೈ ತೂರಿಸಿ ನೋಡಿದರು. ಮಿಸ್ತೊ ಗೋಡೆಯಿಂದ ದೂರ, ಒಲೆಯ ಆಚೆ ಬದಿ ಕೂತು ಆ ದಿನದ ಕಥೆಯನ್ನೇ ಮತ್ತೆ ಮತ್ತೆ ಹೇಳುತ್ತಿದ್ದ. ಪೊನಿಮಾನ್ ಎಲ್ಲರಿಗಿಂತ ಜೋರಾಗಿ ನಕ್ಕ. ಕಾರ್ಯಾದಿ ಎದ್ದು ಹೊರಗೆ ಹೋದ. ಮುಜಿಯಾತಿಯೂ ಹೋದಳು.

ಅವನು ಸೌದೆ ಒಟ್ಟಿದ ಕಡೆ ನಿಂತಿದ್ದ. "ಪಾಕ್ ಇದ್ದಾರಾ ಅಂತ ಕೂಗ್ದೆನಲ್ಲ. ನೀನ್ಯಾಕೆ ಮಾತಾಡಲಿಲ್ಲ?"

"ಬಾಯೇ ಬರಲಿಲ್ಲ ಕಾಂಗ್."

"ಅಷ್ಟು ಹೊತ್ತೂ ನಾನು..."

ಗಾಳಿಗೆ ಜಾರಿದ ಅವನ ಸರೊಂಗನ್ನು ಹೆಗಲಿಗೆ ಎಳೆದು ಸರಿಮಾಡಿ ಪಕ್ಕದಲ್ಲಿ ನಿಂತಳು. ಒಳಗಿಂದ ಯಾರೋ ಬೆಂಕಿ ಇಳಿಯುತ್ತಿದೆ ಎಂದು ಕೂಗಿದರು. ಇಬ್ಬರೂ ಒಂದೊಂದು ತೆಕ್ಕೆ ಸೌದೆ ಎತ್ತಿಕೊಂಡು ಒಳಗೆ ಹೋದರು.